ಬೆರಳಿಗೆ ಭಾವ ಬರುವ ಬಗೆ

ನಡುವಯಸ್ಸಿನಲ್ಲಿ ಪಿಯಾನೋ ಕಲಿಯುವವರಿಗೆ ನಾಲ್ಕು ಮಾತು

ವಿದ್ಯೆಗೆ ವಯಸ್ಸಿಲ್ಲವೆಂದು ನಾವೆಲ್ಲರೂ ಬಾಯಲ್ಲಿ ಹೇಳುತ್ತೇವೆ. ಆದರೆ ಐವತ್ತು ದಾಟಿದ ಗೃಹಸ್ಥರೊಬ್ಬರು ಪಿಯಾನೋ ಪಾಠಕ್ಕೆ ಸೇರಿದರೆಂದು ಕೇಳಿದೊಡನೆ, “ಈ ವಯಸ್ಸಿನಲ್ಲಿ ಇವರಿಗೆ ಇದೇಕೆ ಬೇಕಿತ್ತು?” ಎಂದು ನಗುವವರೂ ನಾವೇ. ಮಕ್ಕಳು ಕಲಿಯಬೇಕು, ದೊಡ್ಡವರು ಫೀಜು ಕಟ್ಟಬೇಕು. ಇದು ನಮ್ಮಲ್ಲಿ ನಡೆದುಬಂದ ರೂಢಿ. ಊರು ಬಿಟ್ಟು ಬಂದು ಪರಸ್ಥಳದಲ್ಲಿ ನೆಲೆ ನಿಂತ ನಮ್ಮಂಥ ಕುಟುಂಬಗಳಲ್ಲಿ ಈ ರೂಢಿ ಇನ್ನೂ ಬಲ. ಮೊದಲು ನೌಕರಿ, ಆಮೇಲೆ ಬಿಡಾರ, ಆಮೇಲೆ ಮಕ್ಕಳ ಶಾಲೆ, ಆಮೇಲೆ ಊರಿನಲ್ಲಿರುವ ತಂದೆತಾಯಿಗಳ ಔಷಧೋಪಚಾರ. ತಮಗೆಂದು ಬಯಸಿದ ಒಂದು ಸಂತೋಷವಿದ್ದರೆ ಅದು ಸದಾ ‘ಮುಂದೆ ನೋಡೋಣ’ ಎಂಬ ಪಟ್ಟಿಯಲ್ಲಿ ಕೂತಿರುತ್ತದೆ.

ಈಗ ಆ ಪಟ್ಟಿಯನ್ನು ಬಿಚ್ಚಿ ನೋಡುವವರು ಅಲ್ಲಲ್ಲಿ ಕಾಣುತ್ತಿದ್ದಾರೆ. ಮುಂಬಯಿ, ಪುಣೆ, ದಿಲ್ಲಿ, ಮದರಾಸುಗಳಲ್ಲಿ ನಮ್ಮ ಮಕ್ಕಳು ಹಲವರು ಪಾಶ್ಚಾತ್ಯ ಪಿಯಾನೋ ಕಲಿತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಇಲ್ಲವೆ ಅಸೋಸಿಯೇಟೆಡ್ ಬೋರ್ಡಿನ ಗ್ರೇಡು ಪರೀಕ್ಷೆಗಳಿಗೆ ಕೂರುತ್ತಾರೆ. ಅವರನ್ನು ಪಾಠಕ್ಕೆ ಬಿಟ್ಟು ಹೊರಗೆ ಬೆಂಚಿನ ಮೇಲೆ ಕಾಯುವ ತಾಯಿಗೋ ತಂದೆಗೋ ಒಳಗಿನ ನಾದ ಕಿವಿಗೆ ಬಿದ್ದು ಬಿದ್ದು ಆಸೆ ಹುಟ್ಟುತ್ತದೆ. ಮಗ ಓದಲು ಬೇರೆ ಊರಿಗೆ ಹೋದ ಮೇಲೆ ಮೂಲೆಯಲ್ಲಿ ಉಳಿದ ವಾದ್ಯ “ಬನ್ನಿ” ಎನ್ನುತ್ತದೆ. ಹೀಗೆ ಆರಂಭಿಸಿದ ಕೆಲವರ ಪರಿಚಯ ನಮಗುಂಟು. ಅವರು ಸೋಲುವ ಜಾಗ ಯಾವುದೆಂದೂ ನಾವು ಕಂಡಿದ್ದೇವೆ. ಆರು ತಿಂಗಳು, ವರ್ಷ ಕಳೆಯುವ ಹೊತ್ತಿಗೆ ಪುಸ್ತಕದಲ್ಲಿ ಬರೆದ ಸ್ವರಗಳೆಲ್ಲ ತಕ್ಕಮಟ್ಟಿಗೆ ಬೆರಳಿಗೆ ಬಂದಿರುತ್ತವೆ. ಆದರೆ ನುಡಿಸಿದ್ದು ಮಾತ್ರ ಟೈಪ್‌ರೈಟರ್ ಬಡಿದಂತೆ ಕೇಳುತ್ತದೆ. “ನಮ್ಮ ಕೈಯಲ್ಲಿ ಭಾವವಿಲ್ಲ, ಅದು ಚಿಕ್ಕಂದಿನಲ್ಲೇ ಬರಬೇಕಾದದ್ದು” ಎಂದು ತಮಗೆ ತಾವೇ ತೀರ್ಪು ಕೊಟ್ಟುಕೊಂಡು ವಾದ್ಯದ ಮುಚ್ಚಳ ಮುಚ್ಚಿಬಿಡುತ್ತಾರೆ.

ಈ ತೀರ್ಪು ಅವಸರದ್ದು. ಪಿಯಾನೋದಲ್ಲಿ ಭಾವವೆನ್ನುವುದು ನಾಲ್ಕೈದು ಸಣ್ಣ ಕೈಕೆಲಸಗಳ ಒಟ್ಟು ಫಲ. ಆ ಕೈಕೆಲಸಗಳನ್ನು ಒಂದೊಂದಾಗಿ ಹೇಳಿಕೊಡಬಹುದು, ಒಂದೊಂದಾಗಿ ಕಲಿಯಲೂಬಹುದು. ಅವುಗಳನ್ನು ನಡೆಸುವ ಯಜಮಾನ ಕಿವಿ. ಮೂವತ್ತು ನಲವತ್ತು ವರ್ಷ ಒಳ್ಳೆಯ ಸಂಗೀತ ಕೇಳಿದ ಕಿವಿ ಹತ್ತು ವರ್ಷದ ಹುಡುಗನಿಗಿಂತ ದೊಡ್ಡವರಲ್ಲೇ ಹೆಚ್ಚು ಪಳಗಿರುತ್ತದೆ. ಹೇಗೆಂಬುದನ್ನು ನೋಡೋಣ.

ಸುತ್ತಿಗೆಯ ಗುಟ್ಟು

ಪಿಯಾನೋ ಹುಟ್ಟಿದ್ದೇ ಭಾವದ ಹಸಿವಿನಿಂದ. ಅದಕ್ಕೆ ಮುಂಚೆ ಯೂರೋಪಿನ ಸಿರಿವಂತರ ಬಳಿ ಇದ್ದ ವಾದ್ಯ ಹಾರ್ಪ್ಸಿಕಾರ್ಡ್. ಅದರಲ್ಲಿ ಹಕ್ಕಿಗರಿಯ ಚೂರೊಂದು ತಂತಿಯನ್ನು ಮೀಟುತ್ತಿತ್ತು; ಮೆಲ್ಲಗೆ ಒತ್ತಿದರೂ ಜೋರಾಗಿ ಕುಟ್ಟಿದರೂ ದನಿ ಹೆಚ್ಚುಕಡಮೆ ಒಂದೇ. ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನದ ಆಶ್ರಯದಲ್ಲಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಿಗ ಸುಮಾರು ೧೭೦೦ರ ಹೊತ್ತಿಗೆ ಮೀಟುವ ಗರಿಯನ್ನು ತೆಗೆದು ಬಡಿಯುವ ಪುಟ್ಟ ಸುತ್ತಿಗೆಯನ್ನು ಇಟ್ಟ. ಬೆರಳಿನ ಬಿರುಸಿಗೆ ತಕ್ಕಂತೆ ದನಿ ಏರಿತು, ಇಳಿಯಿತು. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೋ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಗಟ್ಟಿಯಾಗಿ. ಎರಡೂ ಬರುವ ವಾದ್ಯವೆಂದೇ ಇದಕ್ಕೆ ಆ ಹೆಸರು. ೧೭೨೦ರಲ್ಲಿ ಅವನು ಮಾಡಿದ ಒಂದು ಪಿಯಾನೋ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ.

ಇಂದಿನ ಪಿಯಾನೋದಲ್ಲಿ ೮೮ ಮನೆಗಳು: ೫೨ ಬಿಳಿ, ೩೬ ಕರಿ. ಹಾರ್ಮೋನಿಯಂ ನುಡಿಸುವವರು ಬಳಸುವ ‘ಮನೆ’ ಎಂಬ ಮಾತನ್ನೇ ನಾವೂ ಇಲ್ಲಿ ಬಳಸಿದ್ದೇವೆ. ಒಂದು ಮನೆ ಕೆಳಕ್ಕೆ ಇಳಿಯುವುದು ಸುಮಾರು ಒಂದು ಸೆಂಟಿಮೀಟರು ಮಾತ್ರ. ಅದನ್ನು ಇಳಿಸಲು ಸುಮಾರು ೫೦ ಗ್ರಾಂ ತೂಕ ಸಾಕು. ಅಷ್ಟರೊಳಗೆ ಉಣ್ಣೆಯ ಮೆತ್ತೆ ಹೊದ್ದ ಸುತ್ತಿಗೆ ಮೇಲಕ್ಕೆ ಎಸೆಯಲ್ಪಡುತ್ತದೆ. ತಂತಿಯನ್ನು ತಲುಪುವ ಕೊನೆಯ ಗಳಿಗೆಯಲ್ಲಿ ಅದು ಬೆರಳಿನ ಹಿಡಿತದಿಂದ ಪೂರ್ತಿ ಬಿಡುಗಡೆ ಹೊಂದಿ, ಕವಣೆಯಿಂದ ಹೊರಟ ಕಲ್ಲಿನಂತೆ ತಾನಾಗಿ ಹಾರಿ, ಬಡಿದು, ಹಿಂದಕ್ಕೆ ಬೀಳುತ್ತದೆ. ಅಲ್ಲಿಗೆ ಬೆರಳಿನ ಅಧಿಕಾರ ಮುಗಿಯಿತು. ಆಮೇಲೆ ಮನೆಯನ್ನು ಎಷ್ಟು ಒತ್ತಿ ಹಿಡಿದರೂ, ಮಣಿಕಟ್ಟನ್ನು ಎಷ್ಟು ನಡುಗಿಸಿದರೂ ಆ ಸ್ವರ ಬದಲಾಗದು. ವೀಣೆಯಲ್ಲಿ ತಂತಿಯನ್ನು ಎಳೆದು ಗಮಕ ತೆಗೆಯುವ, ಪಿಟೀಲಿನಲ್ಲಿ ಕಮಾನಿನಿಂದ ಸ್ವರವನ್ನು ಉಬ್ಬಿಸುವ ಭಾಗ್ಯ ಇಲ್ಲಿಲ್ಲ. ಇಲ್ಲಿ ಸ್ವರ ಹುಟ್ಟಿದ ಕ್ಷಣದಿಂದ ಕುಗ್ಗುತ್ತಲೇ ಹೋಗುತ್ತದೆ.

ಹಾಗಾದರೆ ನುಡಿಸುವವನ ಕೈಯಲ್ಲಿ ಉಳಿದದ್ದೇನು? ಮನೆ ಎಷ್ಟು ವೇಗವಾಗಿ ಇಳಿಯಬೇಕು, ಯಾವಾಗ ಇಳಿಯಬೇಕು, ಎಷ್ಟು ಹೊತ್ತು ಇಳಿದಿರಬೇಕು, ಕಾಲಿನ ಪೆಡಲ್ ಏನು ಮಾಡಬೇಕು. ಇಷ್ಟೇ. ಜಗತ್ತಿನ ಮಹಾ ವಾದಕರ ಬಳಿ ಇರುವ ಬಂಡವಾಳವೂ ಇದೇ ನಾಲ್ಕು. ಒಂದೇ ಸ್ವರವನ್ನು ಒತ್ತಿ “ಇದರಲ್ಲಿ ಭಾವವಿದೆಯೇ?” ಎಂದು ಕೇಳುವುದು, ಒಂದೇ ಅಕ್ಷರವನ್ನು ಬರೆದು “ಇದು ಕವಿತೆಯೇ?” ಎಂದು ಕೇಳಿದ ಹಾಗೆ. ಭಾವ ಇರುವುದು ಒಂದು ಸ್ವರಕ್ಕೂ ಅದರ ನೆರೆಯ ಸ್ವರಕ್ಕೂ ನಡುವಿನ ಸಂಬಂಧದಲ್ಲಿ.

ನಮ್ಮವರಲ್ಲಿ ಅನೇಕರು ಹಾರ್ಮೋನಿಯಂನಿಂದ ಪಿಯಾನೋಗೆ ಬರುತ್ತಾರೆ. ಅಂಥವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಹಾರ್ಮೋನಿಯಂನಲ್ಲಿ ದನಿಯ ಏರಿಳಿತ ತಿದಿಯದು. ಬಲಗೈ ಬೆರಳು ಹೇಗೆ ಒತ್ತಿದರೂ ನಡೆಯುತ್ತದೆ. ಪಿಯಾನೋದಲ್ಲಿ ತಿದಿಯ ಕೆಲಸವನ್ನೂ ಬೆರಳೇ ಮಾಡಬೇಕು. ಇದಕ್ಕೆ ಒಂದು ಅಭ್ಯಾಸವುಂಟು. ಒಂದು ಬಿಳಿ ಮನೆಯನ್ನು ಸದ್ದೇ ಬಾರದಷ್ಟು ನಿಧಾನವಾಗಿ ಕೆಳಕ್ಕೆ ಇಳಿಸಿ. ಸುತ್ತಿಗೆ ತಂತಿಯನ್ನು ಮುಟ್ಟದೆ ಹಿಂದಿರುಗುತ್ತದೆ. ಮುಂದಿನ ಸಲ ಕೂದಲೆಳೆಯಷ್ಟು ಬೇಗ ಇಳಿಸಿ. ಹೀಗೆ ಮಾಡುತ್ತ ಹೋದರೆ ಒಂದು ಸಲ ಕೇಳಿಯೂ ಕೇಳದಂಥ ಸಣ್ಣ ದನಿ ಹೊರಡುತ್ತದೆ. ಅದೇ ನಿಮ್ಮ ವಾದ್ಯದ ಅತ್ಯಂತ ಮೆಲುದನಿ. ಅಲ್ಲಿಂದ ಆರಂಭಿಸಿ ಅದೇ ಮನೆಯನ್ನು ಎಂಟು ಸಲ, ಒಂದಕ್ಕಿಂತ ಒಂದು ತುಸು ಹೆಚ್ಚಾಗಿ ಒತ್ತಿ. ಮತ್ತೆ ಎಂಟು ಸಲದಲ್ಲಿ ಇಳಿದು ಬನ್ನಿ. ದಿನಕ್ಕೆ ಮೂರು ನಿಮಿಷ ಸಾಕು. ಮೆಲ್ಲಗೆ ನುಡಿಸುವುದೆಂದರೆ ಬೆರಳನ್ನು ಅಂಜಿಸಿ ಅರ್ಧ ಒತ್ತುವುದೆಂದು ಹೊಸಬರು ತಿಳಿಯುತ್ತಾರೆ. ಮನೆ ತಳದವರೆಗೆ ಇಳಿಯಲೇಬೇಕು, ಆದರೆ ಸಾವಕಾಶವಾಗಿ. ಈ ಒಂದು ಭೇದ ಬೆರಳಿಗೆ ತಿಳಿದರೆ ಅರ್ಧ ದಾರಿ ಸಾಗಿದಂತೆ.

ಮೊದಲು ಕಂಠ, ಆಮೇಲೆ ಬೆರಳು

ಮಹಾಸಂಗೀತಗಾರ ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್ ೧೭೫೩ರಲ್ಲಿ ಕೀಲಿವಾದ್ಯಗಳನ್ನು ನುಡಿಸುವ ಕಲೆಯ ಮೇಲೆ ಒಂದು ಗ್ರಂಥ ಬರೆದ. ಒಳ್ಳೆಯ ಹಾಡುಗಾರರನ್ನು ಕೇಳಬೇಕು, ಸ್ವರವಾಕ್ಯವನ್ನು ತಾನೂ ಹಾಡಿಕೊಂಡು ನೋಡಬೇಕು ಎಂಬುದು ಅದರಲ್ಲಿ ಅವನು ಕೊಟ್ಟ ಬುದ್ಧಿವಾದಗಳಲ್ಲೊಂದು. ಮುಂದಿನ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಶೋಪ್ಯಾನ್ ತನ್ನ ಶಿಷ್ಯರಿಗೆ ಇಟಲಿಯ ಗಾಯಕರನ್ನು ಕೇಳಿ ಬನ್ನಿರೆಂದು ಹೇಳುತ್ತಿದ್ದ. ಸ್ವರವನ್ನು ಹಿಡಿದು ನಿಲ್ಲಿಸಲಾರದ ವಾದ್ಯಕ್ಕೆ ಗುರುಸ್ಥಾನದಲ್ಲಿ ಕಂಠವನ್ನು ಕೂರಿಸಿದ್ದು ಎಂಥ ಯುಕ್ತಿ! ಗಾಯನವೇ ಎಲ್ಲಕ್ಕೂ ಮೂಲವೆಂದು ತಿಳಿದ ನಮಗಂತೂ ಇದು ಮನೆಯ ಮಾತೇ.

ನಮ್ಮ ಸಂಘದ ಭಜನೆಗೆ ಪೇಟಿ ನುಡಿಸುವ ಒಬ್ಬ ತಾಯಿಯ ಸಂಗತಿಯನ್ನು ಇಲ್ಲಿ ಹೇಳಬೇಕು. ಧಾರವಾಡದ ಕಡೆಯವರು. ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಪಿಯಾನೋ ಹಿಡಿದರು. ಅವರ ಮೊಮ್ಮಗಳು ಪರದೇಶದಲ್ಲಿದ್ದಾಳೆ. ಅವಳಿಗೆ ಕನ್ನಡ ಅರೆಬರೆ, ಅಜ್ಜಿಗೆ ಅವಳ ಇಂಗ್ಲಿಷು ಅರೆಬರೆ. ಫೋನಿನಲ್ಲಿ “ಊಟ ಆಯಿತೇ” ಎಂದು ಕೇಳಿದ ಮೇಲೆ ಮಾತು ಮುಂದೆ ಸಾಗುತ್ತಿರಲಿಲ್ಲ. ಆ ಹುಡುಗಿ ಅಲ್ಲಿ ಪಿಯಾನೋ ಕಲಿಯುತ್ತಿದ್ದಾಳೆಂದು ಕೇಳಿ, ಅವಳ ಪುಸ್ತಕದಲ್ಲಿರುವ ಪಾಠವನ್ನೇ ತಾವೂ ಕಲಿಯಬೇಕೆಂದು ಹಟ ಹಿಡಿದರು. ನಾಲ್ಕು ತಿಂಗಳಿಗೆ ಸ್ವರಗಳು ಕೈಗೆ ಬಂದವು. ಆದರೆ ಅವರ ಮುಖದಲ್ಲಿ ಗೆಲುವಿಲ್ಲ. “ಸ್ವರಾ ಎಲ್ಲಾ ಬರೋಬರಿ ಬಿದ್ದಾವ್ರೀ. ಖರೇ, ಅದರಾಗ ಜೀವಾನ ಇಲ್ಲ” ಎಂದು ನಮ್ಮೊಡನೆ ಹೇಳಿಕೊಂಡರು. ಪಾಠ ಹೇಳುವವರು ಗೋವೆಯ ಒಬ್ಬ ವೃದ್ಧರು. ಅವರು ಬೆರಳಿನ ಗೊಡವೆಗೇ ಹೋಗಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪಾಠವನ್ನು ಹಾಡಿ ತೋರಿಸಿ ಎಂದರು. ಪೇಟಿಯ ಮುಂದೆ ಎಷ್ಟೋ ವರ್ಷ ಭಜನೆ ಹೇಳಿದ ಕಂಠ. ಹಾಡಿದಾಗ ಎಲ್ಲಿ ಉಸಿರು, ಎಲ್ಲಿ ಏರು, ಎಲ್ಲಿ ಇಳಿವು ಎಂಬುದೆಲ್ಲ ತಾನಾಗಿ ಬಂತು. “ಈಗ ಹಾಡಿದ್ದನ್ನು ನುಡಿಸಿ” ಎಂದರು ಗುರುಗಳು. ಅಂದು ಪಾಠದ ದಾರಿ ಬದಲಾಯಿತು.

ಅವರ ಕೈಯಲ್ಲಿದ್ದ ಪಾಠ ಯಾವುದು? ಪಿಯಾನೋ ಕಲಿಯುವವರೆಲ್ಲರೂ ಒಮ್ಮೆ ದಾಟಿಹೋಗುವ ಜಿ ಮೇಜರ್ ಮಿನುಯೆಟ್. ಬಾಖ್ ತನ್ನ ಎರಡನೆಯ ಹೆಂಡತಿ ಆನಾ ಮಾಗ್ದಲೇನಳಿಗಾಗಿ ೧೭೨೫ರಲ್ಲಿ ಆರಂಭಿಸಿದ ಸಂಗೀತದ ನೋಟ್‌ಬುಕ್ಕಿನಲ್ಲಿ ಇದು ಇದೆ. ಬಹುಕಾಲ ಬಾಖ್‌ನದೇ ಎಂದು ತಿಳಿದಿದ್ದರು. ಡ್ರೆಸ್ಡೆನ್ನಿನ ಆರ್ಗನ್ ವಾದಕ ಕ್ರಿಸ್ತಿಯಾನ್ ಪೆಟ್ಸೋಲ್ಡನದೆಂದು ೧೯೭೦ರ ದಶಕದಲ್ಲಿ ಗೊತ್ತಾಯಿತು. ಹಾರ್ಪ್ಸಿಕಾರ್ಡಿನ ಕಾಲದ ರಚನೆಯಾದ್ದರಿಂದ ಮೆಲ್ಲಗೆ, ಗಟ್ಟಿಯಾಗಿ ಎಂಬ ಸೂಚನೆಗಳನ್ನು ಕರ್ತೃ ಬರೆದಿಟ್ಟಿಲ್ಲ. ಬರೆದ ಸ್ವರಗಳನ್ನಷ್ಟೆ ನುಡಿಸಿದರೆ ಅದು ಟೈಪ್‌ರೈಟರ್ ಆಗುವುದು ಸಹಜವೇ. ಉಳಿದದ್ದನ್ನು ನುಡಿಸುವವರು ತುಂಬಬೇಕು.

ನಮ್ಮ ಕಿವಿಯಿಂದ ಅದನ್ನು ಕೇಳಿ ನೋಡಿ. ಜಿ ಎಂಬುದನ್ನು ಷಡ್ಜವೆಂದು ಹಿಡಿದರೆ ಇದು ನಮ್ಮ ಶಂಕರಾಭರಣದ ಸ್ವರಗಳಲ್ಲೇ ನಡೆಯುತ್ತದೆ. ಹಿಂದುಸ್ತಾನಿಯವರು ಬಿಲಾವಲ್ ಎನ್ನಲಿ. ಮೂರು ಮಾತ್ರೆಯ ಆವರ್ತ, ಒಟ್ಟು ೩೨ ಆವರ್ತ. ಹಾಡು ಪಂಚಮದಲ್ಲಿ ಎದ್ದು, ಷಡ್ಜಕ್ಕೆ ಇಳಿದು, ಮೆಟ್ಟಿಲು ಹತ್ತಿದಂತೆ ಮತ್ತೆ ಪಂಚಮಕ್ಕೆ ಏರಿ, ಆಮೇಲೆ ಷಡ್ಜವನ್ನು ಎರಡು ಸಲ ಮುಟ್ಟುತ್ತದೆ. ಹೊಸಬರು ಆ ಎರಡು ಷಡ್ಜಗಳನ್ನೂ ಗೋಡೆಗೆ ಮೊಳೆ ಹೊಡೆದಂತೆ ಒಂದೇ ತೂಕದಲ್ಲಿ ಬಡಿಯುತ್ತಾರೆ. ಹಾಡುವವರು ಹಾಗೆ ಹಾಡುವುದಿಲ್ಲ. ಏರುವಾಗ ಕಂಠ ತುಸು ತುಂಬುತ್ತದೆ. ಪಂಚಮ ಮುಟ್ಟಿದ ಮೇಲೆ ಮೊದಲ ಷಡ್ಜ ಹಗುರ, ಎರಡನೆಯದು ಇನ್ನೂ ಹಗುರ, ಬಾಗಿಲನ್ನು ಮೆಲ್ಲಗೆ ಮುಚ್ಚಿದಂತೆ. ಅಲ್ಲೊಂದು ಉಸಿರು. ಮುಂದಿನ ವಾಕ್ಯದಲ್ಲಿ ಅದೇ ಮಾತನ್ನು ಧೈವತದಿಂದ ಆರಂಭಿಸಿ ತಾರಷಡ್ಜದವರೆಗೆ ಒಯ್ಯುತ್ತದೆ. ಒಂದೇ ಮಾತನ್ನು ಎರಡನೆಯ ಸಲ ಹೇಳುವಾಗ ನಾವು ಸ್ವಲ್ಪ ಒತ್ತಿ ಹೇಳುತ್ತೇವಲ್ಲವೆ? ಇಲ್ಲಿಯೂ ಹಾಗೆಯೇ.

ಮೊದಲ ಎಂಟು ಆವರ್ತಗಳು ರಿಷಭದ ಮೇಲೆ ಬಂದು ನಿಲ್ಲುತ್ತವೆ. ರಿಷಭದಲ್ಲಿ ನಿಂತರೆ ನಮ್ಮ ಕಿವಿಗೆ ಮಾತು ಮುಗಿದಂತಾಗುವುದಿಲ್ಲ, ಅದೊಂದು ಪ್ರಶ್ನೆ. ಮುಂದಿನ ಎಂಟು ಆವರ್ತಗಳು ಅದೇ ದಾರಿಯಲ್ಲಿ ಹೊರಟು ಷಡ್ಜಕ್ಕೆ ಬಂದು ಸೇರುತ್ತವೆ, ಅದೇ ಉತ್ತರ. ಪ್ರಶ್ನೆಯ ಕೊನೆಯ ಸ್ವರವನ್ನು ತೂಗುಬಿಟ್ಟಂತೆ ಹಿಡಿಯಿರಿ, ಉತ್ತರದ ಕೊನೆಯ ಸ್ವರವನ್ನು ನೆಲಕ್ಕೆ ಇಳಿಸಿದಂತೆ ಇಡಿ. ಎರಡನೆಯ ಭಾಗದಲ್ಲಿ ಇನ್ನೊಂದು ಸೊಗಸು. ಅಲ್ಲಿ ಶುದ್ಧ ಮಧ್ಯಮದ ಬದಲು ಪ್ರತಿಮಧ್ಯಮ ಇಣುಕಿ, ಹಾಡು ಪಂಚಮಕ್ಕೆ ಹೋಗಿ ನಿಲ್ಲುತ್ತದೆ. ಶಂಕರಾಭರಣದ ಮನೆಗೆ ಕಲ್ಯಾಣಿ ನೆಂಟಳಾಗಿ ಬಂದುಹೋದಂತೆ. ಪಾಶ್ಚಾತ್ಯರಿಗೆ ಇದು ಬೇರೆ ಲೆಕ್ಕಾಚಾರದ ವಿಷಯ; ನಮಗೆ ಕಿವಿಯಲ್ಲೇ ಅದರ ಗುರುತು ಸಿಗುತ್ತದೆ. ನೆಂಟರು ಬಂದಾಗ ಮುಖ ಅರಳಬೇಡವೆ? ಆ ಸ್ವರವನ್ನು ಬೇರೆಯವುಗಳ ಸಾಲಿನಲ್ಲಿ ಸೇರಿಸಿ ಓಡಿಸಿಬಿಡಬಾರದು.

ಇಲ್ಲಿಯೇ ಎರಡು ಕೈಕೆಲಸಗಳನ್ನು ಹೇಳಿಬಿಡುತ್ತೇವೆ. ಸ್ವರಗಳನ್ನು ಕೂಡಿಸಿ ನುಡಿಸುವುದು ಮೊದಲನೆಯದು. ನಡೆಯುವಾಗ ಮುಂದಿನ ಹೆಜ್ಜೆ ನೆಲ ಮುಟ್ಟುವವರೆಗೆ ಹಿಂದಿನ ಹೆಜ್ಜೆಯನ್ನು ಎತ್ತುವುದಿಲ್ಲ. ಬೆರಳೂ ಹಾಗೆಯೇ, ಎರಡನೆಯ ಸ್ವರ ಕೇಳಿದ ಮೇಲೆ ಮೊದಲನೆಯದನ್ನು ಬಿಡಬೇಕು. ಎರಡನೆಯದು, ಎರಡು ಸ್ವರಗಳ ಜೋಡಿ. ಬರಹದಲ್ಲಿ ಎರಡು ಸ್ವರಗಳ ಮೇಲೆ ಒಂದು ಕಮಾನು ಎಳೆದಿರುತ್ತಾರೆ. ಮೊದಲ ಸ್ವರಕ್ಕೆ ಕೈಯ ಭಾರ ಇಳಿಯಬೇಕು, ಎರಡನೆಯದರಲ್ಲಿ ಮಣಿಕಟ್ಟು ಮೇಲೇಳುತ್ತ ಭಾರ ಹೊರಟುಹೋಗಬೇಕು. ನಿಟ್ಟುಸಿರನ್ನು ಗಮನಿಸಿದ್ದೀರಾ? ಅದೇ ಬಗೆ. ಈ ಜೋಡಿಯೊಂದನ್ನು ಹದಿನೈದು ದಿನ ಸಾಧಿಸಿದರೆ ಹಳೆಯ ಪಾಠಗಳೆಲ್ಲ ಹೊಸದಾಗಿ ಕೇಳುತ್ತವೆ.

ಎರಡು ಕೈ, ಒಂದು ಹಾಡು

ನಮ್ಮ ಕಚೇರಿಯಲ್ಲಿ ಹಾಡುಗಾರರು ಮುಂದೆ, ತಂಬೂರಿ ಹಿಂದೆ. ತಂಬೂರಿ ಹಾಡನ್ನು ಮುಳುಗಿಸಿದರೆ ಸಭೆಯವರು ಎದ್ದುಹೋಗುತ್ತಾರೆ. ಪಿಯಾನೋದಲ್ಲಿ ಗಾಯಕನೂ ತಂಬೂರಿಯವನೂ ಒಬ್ಬನೇ. ಸಾಮಾನ್ಯವಾಗಿ ಬಲಗೈಯಲ್ಲಿ ಹಾಡು, ಎಡಗೈಯಲ್ಲಿ ಆಸರೆ. ಹೊಸಬರ ಎರಡು ಕೈಗಳೂ ಒಂದೇ ತೂಕದಲ್ಲಿ ಬೀಳುವುದರಿಂದ ಹಾಡು ಮರೆಯಾಗುತ್ತದೆ. ಭಾವವಿಲ್ಲವೆಂದು ತೋರುವುದಕ್ಕೆ ಎಷ್ಟೋ ಸಲ ಇದೊಂದೇ ಕಾರಣ.

ಇದಕ್ಕೆ ಒಂದು ಹಳೆಯ ಉಪಾಯವಿದೆ. ಬಲಗೈ ಪೂರ್ತಿ ನುಡಿಸಲಿ. ಎಡಗೈ ತನ್ನ ಮನೆಗಳನ್ನು ಸರಿಯಾದ ಹೊತ್ತಿಗೆ ಮುಟ್ಟಲಿ, ಒತ್ತದಿರಲಿ. ಸದ್ದು ಬರುವುದು ಒಂದು ಕೈಯದು, ಕೆಲಸ ಮಾಡುವುದು ಎರಡು ಕೈ. ಇದು ಮೊದಮೊದಲು ತಲೆಯ ಮೇಲೆ ಕೈಯಾಡಿಸುತ್ತ ಹೊಟ್ಟೆಯನ್ನು ತಟ್ಟಿದಂತೆ ತೊಡಕಾಗುತ್ತದೆ. ನಾಲ್ಕು ದಿನ ಬಿಟ್ಟು ಎಡಗೈಗೆ ಉಸಿರಿನಷ್ಟು ದನಿ ಕೊಡಿ. ಆಗ ಬಲಗೈಯ ಹಾಡು ಮೇಲೆ ತೇಲುತ್ತದೆ.

ಇದರ ಪೂರ್ಣ ಫಲವನ್ನು ಕಾಣಬೇಕಾದರೆ ಒಂದೆರಡು ವರ್ಷದ ಮೇಲೆ ಶೋಪ್ಯಾನನ ಇ ಮೈನರ್ ಪ್ರಿಲ್ಯೂಡನ್ನು ತೆಗೆದುಕೊಳ್ಳಬಹುದು. ೧೮೩೯ರಲ್ಲಿ ಪ್ರಕಟವಾದ ೨೪ ಪ್ರಿಲ್ಯೂಡುಗಳಲ್ಲಿ ಅದು ನಾಲ್ಕನೆಯದು, ಇಪ್ಪತ್ತೈದೇ ಆವರ್ತ. ೧೮೪೯ರಲ್ಲಿ ಅವನು ತೀರಿಕೊಂಡಾಗ ಅಂತ್ಯಸಂಸ್ಕಾರದ ಪ್ರಾರ್ಥನೆಯಲ್ಲಿ ಅದನ್ನು ಆರ್ಗನ್ನಿನ ಮೇಲೆ ನುಡಿಸಿದರು. ಬಲಗೈಯ ಹಾಡು ಬಹಳ ಹೊತ್ತು ಎರಡೇ ಸ್ವರಗಳ ನಡುವೆ ಹಿಂದುಮುಂದಾಗುತ್ತಿರುತ್ತದೆ. ಎಡಗೈಯ ಸ್ವರಗುಚ್ಛಗಳು ಮಾತ್ರ ಒಂದೊಂದು ಸ್ವರವನ್ನು ಸದ್ದಿಲ್ಲದೆ ಇಳಿಸುತ್ತ ಹೋಗುತ್ತವೆ. ಸ್ವರಗಳನ್ನು ಹುಡುಕುವುದು ಕಷ್ಟವಲ್ಲ. ಆ ಗುಚ್ಛಗಳನ್ನು ಒಂದರಂತೆ ಒಂದು ಮೆಲ್ಲಗೆ ಇಡುವುದು ಕಷ್ಟ. ಅವಸರವಿಲ್ಲದ ಕೈಗೆ, ಬಾಳಿನಲ್ಲಿ ಒಂದಿಷ್ಟು ನೋವು ಕಂಡ ಮನಸ್ಸಿಗೆ ಹೇಳಿ ಮಾಡಿಸಿದ ಕೃತಿ.

ತಾಳ ಕೆಡದ ಸ್ವಾತಂತ್ರ್ಯ

ಭಾವವೆಂದರೆ ಮನಬಂದಲ್ಲಿ ನಿಧಾನ, ಮನಬಂದಲ್ಲಿ ಓಟ ಎಂದು ಕೆಲವರು ತಿಳಿಯುತ್ತಾರೆ. ಮೋಟ್ಸಾರ್ಟ್ ೧೭೭೭ರಲ್ಲಿ ತಂದೆಗೆ ಬರೆದ ಕಾಗದದಲ್ಲಿ, ನಿಧಾನಗತಿಯ ಕೃತಿಗಳಲ್ಲಿ ತನ್ನ ಬಲಗೈ ತುಸು ಹಿಂದುಮುಂದಾದರೂ ಎಡಗೈ ಅದನ್ನು ಲೆಕ್ಕಿಸದೆ ಕಾಲವನ್ನು ಹಿಡಿದಿರುತ್ತದೆಂದು ಹೇಳಿಕೊಂಡಿದ್ದಾನೆ. ಶೋಪ್ಯಾನನ ಶಿಷ್ಯರೂ ತಮ್ಮ ಗುರುವಿನ ವಿಷಯದಲ್ಲಿ ಇದನ್ನೇ ಹೇಳಿದ್ದಾರೆ. ತಾಳ ತನ್ನ ಪಾಡಿಗೆ ನಡೆಯುತ್ತಿರುವಾಗ ಸಾಹಿತ್ಯದ ಒಂದು ಅಕ್ಷರವನ್ನು ತಡೆದು, ಇನ್ನೊಂದನ್ನು ಸೇರಿಸಿಕೊಂಡು, ಸಮಕ್ಕೆ ಬಂದು ಕೂಡುವ ಗಾಯಕರನ್ನು ಕೇಳಿದ ನಮಗೆ ಇದರಲ್ಲಿ ಹೊಸದೇನಿದೆ? ಕಲಿಯುವಾಗ ಕ್ರಮ ಹೀಗಿರಲಿ: ಮೊದಲು ಎಡಗೈ ಒಂದೇ, ಬಾಯಲ್ಲಿ ಎಣಿಕೆ, ಆಮೇಲೆ ಎಡಗೈ ನುಡಿಸುತ್ತ ಬಲಗೈಯ ಭಾಗವನ್ನು ಹಾಡುವುದು, ಕೊನೆಗೆ ಎರಡು ಕೈ. ೧೮೧೫ರಲ್ಲಿ ಮೆಲ್ಟ್ಸೆಲ್ ಹಕ್ಕು ಪಡೆದ ಮೆಟ್ರೊನೋಮು ಇಂದು ಎಲ್ಲರ ಫೋನಿನೊಳಗೂ ಇದೆ. ಗತಿ ಎಲ್ಲಿ ಜಾರುತ್ತದೆಂದು ಪರೀಕ್ಷಿಸಲು ಅದು ಬೇಕು. ಇಡೀ ಹೊತ್ತು ಅದರ ಜೊತೆಯಲ್ಲೇ ನುಡಿಸಿದರೆ ವಾಕ್ಯದ ಕೊನೆಯ ಉಸಿರಿಗೆ ಎಡೆಯಿರದು.

ಕಾಲಿನ ಕೆಲಸ

ಬಲಗಡೆಯ ಪೆಡಲನ್ನು ಒತ್ತಿದರೆ ತಂತಿಗಳ ಸದ್ದಡಗಿಸುವ ಮೆತ್ತೆಗಳೆಲ್ಲ ಒಟ್ಟಿಗೆ ಮೇಲೇಳುತ್ತವೆ. ಬಡಿದ ತಂತಿಯ ಜೊತೆಗೆ ಬಡಿಯದ ತಂತಿಗಳೂ ಸಿತಾರಿನ ತರಫ್ ತಂತಿಗಳಂತೆ ಅನುರಣಿಸುತ್ತವೆ. ನಾದ ತುಂಬಿಕೊಳ್ಳುತ್ತದೆ. ಹೊಸಬರಿಗೆ ಇದರ ಮೋಹ ಬಲು ಬೇಗ ಹತ್ತುತ್ತದೆ. ಕಾಲನ್ನು ಎತ್ತುವುದನ್ನೇ ಮರೆತು ಹಸಿ ಶಾಯಿಯ ಮೇಲೆ ಕೈಯೊರೆಸಿದಂತೆ ಎಲ್ಲವನ್ನೂ ಕಲಸುತ್ತಾರೆ. ನಿಯಮ ಸರಳ: ಹೊಸ ಸ್ವರಗುಚ್ಛಕ್ಕೆ ಕೈ ಇಳಿಯುವಾಗ ಕಾಲು ಮೇಲೇಳಬೇಕು, ಆ ಗುಚ್ಛ ಕೇಳಿಸಿದ ಮೇಲೆ ಕಾಲು ಮತ್ತೆ ಇಳಿಯಬೇಕು. ಕೈಗೂ ಕಾಲಿಗೂ ಏತದ ಎರಡು ತುದಿಗಳ ಸಂಬಂಧ. ಯಾವ ಪಾಠವನ್ನಾದರೂ ಮೊದಲು ಪೆಡಲಿಲ್ಲದೆ ಚೆನ್ನಾಗಿ ನುಡಿಸಿ. ಬೆರಳು ಕೂಡಿಸಲಾರದ್ದನ್ನು ಕಾಲು ಕೂಡಿಸಿತೆಂದರೆ ಅದು ಸಾಲದ ಸಂಸಾರ.

ಕೈಯ ಕ್ಷೇಮ, ಪಾಠದ ಆಯ್ಕೆ

ದೊಡ್ಡವರ ಕೈ ಮಕ್ಕಳ ಕೈಯಷ್ಟು ಸಡಿಲವಲ್ಲ. ಉಂಗುರದ ಬೆರಳು ಬೇರೆ ಬೆರಳುಗಳಂತೆ ಸ್ವತಂತ್ರವಾಗಿ ಏಳುವುದಿಲ್ಲವೆಂದು ಕೊರಗಬೇಕಾಗಿಲ್ಲ. ಕೈಯ ಹಿಂಬದಿಯಲ್ಲಿ ಅದರ ಸ್ನಾಯುರಜ್ಜು ನೆರೆಯ ಬೆರಳುಗಳ ರಜ್ಜುಗಳಿಗೆ ಕೂಡಿಕೊಂಡಿದೆ. ಎಲ್ಲರ ಕೈಯೂ ಹೀಗೆಯೇ. ಬಲವಂತದಿಂದ ಅದನ್ನು ಗೆಲ್ಲಲು ಹೋಗಬಾರದು. ಇದಕ್ಕೆ ರಾಬರ್ಟ್ ಶೂಮಾನನ ಕಥೆಯೇ ಸಾಕ್ಷಿ. ಪಿಯಾನೋ ವಾದಕನಾಗಬೇಕೆಂದಿದ್ದ ಅವನು ಬೆರಳಿಗೆ ಬಲ ಬರಿಸಲು ಒಂದು ಯಂತ್ರವನ್ನು ಬಳಸಿದ್ದುಂಟು. ೧೮೩೦ರ ದಶಕದ ಆರಂಭದಲ್ಲಿ ಅವನ ಬಲಗೈಯ ಬೆರಳು ಕೆಟ್ಟು ವಾದಕನಾಗುವ ಆಸೆ ಮುಗಿಯಿತು, ಅವನು ರಚನಕಾರನಾದ. ಆದಕಾರಣ, ಮೊಣಕೈ ಮನೆಗಳ ಮಟ್ಟಕ್ಕೆ ಬರುವಂತೆ ಪೀಠವನ್ನು ಹೊಂದಿಸಿಕೊಳ್ಳಿ, ಭುಜಗಳನ್ನು ಇಳಿಬಿಡಿ, ತೋಳಿನ ಭಾರವೇ ಬೆರಳಿನ ಮೂಲಕ ಇಳಿಯಲಿ. ನೋವು ಕಂಡರೆ ಅಂದಿನ ಅಭ್ಯಾಸ ಅಲ್ಲಿಗೇ ನಿಲ್ಲಲಿ.

ಅದೇ ಶೂಮಾನ್ ೧೮೪೮ರಲ್ಲಿ ಎಳೆಯರಿಗಾಗಿ ೪೩ ಪುಟ್ಟ ರಚನೆಗಳ ಒಂದು ಆಲ್ಬಮ್ ಮಾಡಿದ. ಅದಕ್ಕೆ ಪ್ರೇರಣೆ ಅವನ ಹಿರಿಯ ಮಗಳು ಮಾರಿ. ಕಷ್ಟದ ಕೃತಿಯನ್ನು ಸುಮಾರಾಗಿ ನುಡಿಸುವುದಕ್ಕಿಂತ ಸುಲಭದ್ದನ್ನು ಚೆಲುವಾಗಿ ನುಡಿಸುವುದೇ ಮೇಲೆಂಬುದು ಅವನು ಕಿರಿಯರಿಗೆ ಕೊಟ್ಟ ಉಪದೇಶಗಳಲ್ಲೊಂದು. ದೊಡ್ಡವರಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಕೇಳಿದ್ದು ಬೇಟೊಫೆನನ ದೊಡ್ಡ ಸೊನಾಟಾ, ಕೈಯಲ್ಲಿರುವುದು ಮಕ್ಕಳ ಪಾಠ ಎಂಬ ನಾಚಿಕೆಯಿಂದ ಅವರು ಕೈಗೆ ಮೀರಿದ್ದನ್ನು ಎತ್ತಿಕೊಳ್ಳುತ್ತಾರೆ. ಆಗ ಸ್ವರ ಹುಡುಕುವುದರಲ್ಲೇ ಗಮನವೆಲ್ಲ ಕರಗಿ, ಕೇಳಿಸಿಕೊಳ್ಳುವುದಕ್ಕೆ ಏನೂ ಉಳಿಯುವುದಿಲ್ಲ. ಶೂಮಾನನ ಆಲ್ಬಮ್ಮಿನ ಮೊದಲ ರಚನೆಗಳು, ಬುರ್ಗ್‌ಮ್ಯುಲರನ ೨೫ ಸುಲಭ ಎಟ್ಯೂಡುಗಳು, ಹಳ್ಳಿಯ ಹಾಡುಗಳನ್ನು ಆಧರಿಸಿ ಬಾರ್ಟೋಕ್ ಮಕ್ಕಳಿಗಾಗಿ ಬರೆದ ಪುಸ್ತಕ ಇವು ಬೆರಳಿಗೆ ಸುಲಭ, ಕಿವಿಗೆ ಹಬ್ಬ. ಕೈಗೆ ನಾಲ್ಕಾಣೆ ಕಷ್ಟವಾಗಿ, ಕಿವಿಗೆ ಹನ್ನೆರಡಾಣೆ ಕೆಲಸ ಕೊಡುವ ಪಾಠವೇ ಒಳ್ಳೆಯ ಪಾಠ.

ವಾದ್ಯದ ವಿಷಯವಾಗಿಯೂ ಒಂದು ಮಾತು. ಸಮುದ್ರತೀರದ ಊರುಗಳ ಮಳೆಗಾಲದಲ್ಲಿ ಮರ ತೇವ ಹೀರಿ ನಿಜವಾದ ಪಿಯಾನೋ ಶ್ರುತಿ ಕೆಡುತ್ತದೆ. ಸಣ್ಣ ಫ್ಲಾಟಿನಲ್ಲಿ ಅದಕ್ಕೆ ಜಾಗವೂ ಕಡಮೆ, ನೆರೆಯವರ ನಿದ್ದೆಯ ಯೋಚನೆ ಬೇರೆ. ಹೆಡ್‌ಫೋನ್ ಹಾಕಿಕೊಂಡು ನುಡಿಸಬಹುದಾದ ವಿದ್ಯುತ್ ಪಿಯಾನೋ ಸಾಕು. ಆದರೆ ೮೮ ಮನೆಗಳಿರಲಿ, ಸುತ್ತಿಗೆಯ ತೂಕ ಬೆರಳಿಗೆ ತಿಳಿಯುವಂತಿರಲಿ. ಹೇಗೆ ಒತ್ತಿದರೂ ಒಂದೇ ದನಿ ಬರುವ ಅಗ್ಗದ ಕೀಬೋರ್ಡಿನಲ್ಲಿ ನಾವು ಮೇಲೆ ಹೇಳಿದ ಯಾವುದೂ ಸಾಧ್ಯವಾಗದು.

ಹೊತ್ತಿನ ಲೆಕ್ಕ

“ನಮಗೆ ಪುರಸೊತ್ತೆಲ್ಲಿ?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಲಂಡನ್ನಿನ ಗಾರ್ಡಿಯನ್ ಪತ್ರಿಕೆಯ ಸಂಪಾದಕರಾಗಿದ್ದ ಅಲನ್ ರಸ್‌ಬ್ರಿಡ್ಜರ್ ಚಿಕ್ಕಂದಿನಲ್ಲಿ ಕಲಿತು ಬಿಟ್ಟಿದ್ದ ಪಿಯಾನೋವನ್ನು ನಡುವಯಸ್ಸಿನಲ್ಲಿ ಮತ್ತೆ ಹಿಡಿದು, ಪತ್ರಿಕೆಯ ಗದ್ದಲದ ನಡುವೆ ದಿನಕ್ಕೆ ಇಪ್ಪತ್ತು ನಿಮಿಷ ಬಿಡುವು ಮಾಡಿಕೊಂಡು ಶೋಪ್ಯಾನನ ಬಹು ಕಠಿನವಾದ ಮೊದಲ ಬಲಾಡನ್ನು ಕಲಿತರು. ಅದರ ಕಥೆಯನ್ನು ೨೦೧೩ರಲ್ಲಿ ಪುಸ್ತಕವಾಗಿ ಹೊರತಂದರು. ನಮಗೆ ಬಲಾಡ್ ಬೇಡ. ಇಪ್ಪತ್ತು ನಿಮಿಷದ ಪಾಠ ಬೇಕು. ಭಾನುವಾರ ಮೂರು ಗಂಟೆ ಕೂರುವುದಕ್ಕಿಂತ ದಿನವೂ ಇಪ್ಪತ್ತು ನಿಮಿಷ ಕೂರುವುದು ಲೇಸು. ಕೈ ಕಲಿತದ್ದು ನಿದ್ದೆಯಲ್ಲಿ ನೆಲೆಗೊಳ್ಳುತ್ತದೆ. ಏಳು ದಿನದ ಅಭ್ಯಾಸಕ್ಕೆ ಏಳು ರಾತ್ರಿಗಳ ಬೆಂಬಲವಿದೆ. ಐದು ನಿಮಿಷ ಏರಿಳಿತದ ಅಭ್ಯಾಸ, ಹತ್ತು ನಿಮಿಷ ಒಂದೇ ಒಂದು ವಾಕ್ಯ, ಕೊನೆಯ ಐದು ನಿಮಿಷ ಕಲಿತ ಹಳೆಯದನ್ನು ಸಂತೋಷಕ್ಕಾಗಿ ನುಡಿಸುವುದು. ವಾರಕ್ಕೊಮ್ಮೆ ಫೋನಿನಲ್ಲಿ ಮುದ್ರಿಸಿಟ್ಟು ಮರುದಿನ ಕೇಳಿ. ನುಡಿಸುವಾಗ ನಾವು ಅಂದುಕೊಂಡದ್ದನ್ನು ಕೇಳುತ್ತೇವೆ. ಮರುದಿನ ನಿಜವಾಗಿ ಆದದ್ದನ್ನು ಕೇಳುತ್ತೇವೆ.

ಇದು ಪರಕೀಯರ ಸಂಗೀತ, ನಮ್ಮ ಭಾವ ಅದಕ್ಕೆ ಒಗ್ಗುವುದೇ ಎಂದು ಸಂಶಯಪಡುವವರಿಗೆ ಮೈಸೂರಿನ ಶ್ರೀ ಜಯಚಾಮರಾಜ ಒಡೆಯರ ನಿದರ್ಶನವಿದೆ. ಅವರು ಶಾಸ್ತ್ರೋಕ್ತವಾಗಿ ಪಿಯಾನೋ ಕಲಿತು ೧೯೪೫ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಷ್ಯದ ರಚನಕಾರ ಮೆಟ್ನರನ ಕೃತಿಗಳು ಗ್ರಾಮಾಫೋನ್ ತಟ್ಟೆಗಳಲ್ಲಿ ಉಳಿಯುವಂತೆ ದ್ರವ್ಯಸಹಾಯ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದ. ಅದೇ ಮಹಾರಾಜರು ಕರ್ನಾಟಕ ಪದ್ಧತಿಯಲ್ಲಿ ೯೪ ಕೃತಿಗಳನ್ನೂ ರಚಿಸಿದರು. ಒಂದೇ ಎದೆಯಲ್ಲಿ ಎರಡು ಸಂಗೀತಗಳಿಗೂ ಸ್ಥಳವಿತ್ತು. ಒಂದು ಇನ್ನೊಂದನ್ನು ಹೊರಗೆ ನೂಕಲಿಲ್ಲ.

ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದು ಹೊಸದಾಗಿ ಹೇಳಬೇಕಾದ ಮಾತಲ್ಲ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿಯೋ ತಮಿಳೋ ಹಿಂದಿಯೋ ಆಡುತ್ತ ನಾವು ದೊಡ್ಡವರಾದ ಮೇಲೆಯೇ ಇನ್ನೊಂದು ನುಡಿಯನ್ನು ಕಲಿತೆವು. ಮೊದಲು ಪದಗಳು ಬಂದವು, ಆಮೇಲೆ ವ್ಯಾಕರಣ. ಆ ನುಡಿಯಲ್ಲಿ ನಗುವುದೂ ಸಮಾಧಾನ ಹೇಳುವುದೂ ಬಹಳ ತಡವಾಗಿ ಬಂತು. ಆದರೆ ಬಂತು. ಪಿಯಾನೋದ ನುಡಿಯೂ ಅದೇ ಕ್ರಮದಲ್ಲಿ ಬರುತ್ತದೆ. ಸ್ವರಗಳಷ್ಟೇ ಬಂದ ದಿನ ಮುಚ್ಚಳ ಮುಚ್ಚುವುದೆಂದರೆ, ಪದಗಳನ್ನು ಕಲಿತು ಮಾತಾಡದೆ ಎದ್ದುಬಂದ ಹಾಗೆ. ಇಂದು ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ತೆಗೆದಿಡಿ. ನಿಮಗೆ ಬರುವ ಅತಿ ಸುಲಭದ ಪಾಠದ ಮೊದಲ ವಾಕ್ಯವನ್ನು ಮೊದಲು ಹಾಡಿ, ಆಮೇಲೆ ನುಡಿಸಿ. ಕೇಳುವವರು ಬೇರೆ ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲ. ನೀವು ಕೇಳುತ್ತಿದ್ದರೆ ಸಾಕು.